ತಿಂಗಳ ಮಾತ್ರೆ ಖರ್ಚು ಇಳಿಸುವುದು ಹೇಗೆ? ಜನೌಷಧಿ ಕೇಂದ್ರಕ್ಕೆ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಸಿಟಾಗ್ಲಿಪ್ಟಿನ್ ಎಂಬ ಮಾತ್ರೆಯನ್ನು ಶುಗರ್ ಇರುವ ಬಹಳ ಜನ ನುಂಗುತ್ತಾರೆ. 2022ರಲ್ಲಿ ಅದರ ಪೇಟೆಂಟ್ ಮುಗಿಯಿತು, ಅಂದರೆ ಬೇರೆ ಕಂಪನಿಗಳೂ ಅದನ್ನು ತಯಾರಿಸಬಹುದಾಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅದು ಕೇಂದ್ರ ಸರ್ಕಾರದ ಯೋಜನೆಯ ಅಗ್ಗದ ಔಷಧ ಅಂಗಡಿಗಳಾದ ಜನೌಷಧಿ ಕೇಂದ್ರಗಳಿಗೆ ಬಂತು. ಆಗ 50 ಎಂಜಿಯ ಹತ್ತು ಮಾತ್ರೆಗೆ 60 ರೂಪಾಯಿ ಇತ್ತು. ಮೆಟ್‌ಫಾರ್ಮಿನ್ ಸೇರಿದ 50/500ರ ಹತ್ತು ಮಾತ್ರೆಗೆ 65 ರೂಪಾಯಿ. ಆಗ ದೊಡ್ಡ ಬ್ರ್ಯಾಂಡ್‌ಗಳ ಬೆಲೆ 162ರಿಂದ 258 ರೂಪಾಯಿವರೆಗೆ ಇತ್ತು. ದಿನಕ್ಕೆ ಎರಡು ಮಾತ್ರೆ ತೆಗೆದುಕೊಳ್ಳುವವರಿಗೆ ವರ್ಷಕ್ಕೆ 730 ಮಾತ್ರೆ ಬೇಕು. ಹತ್ತು ಮಾತ್ರೆಗೆ ನೂರು ರೂಪಾಯಿ ಉಳಿದರೂ ವರ್ಷಕ್ಕೆ 7,300 ರೂಪಾಯಿ ಉಳಿಯಿತು. ಇದು ಒಂದೇ ಮಾತ್ರೆಯ ಲೆಕ್ಕ. ಬಿಪಿ, ಕೊಲೆಸ್ಟ್ರಾಲ್, ಗ್ಯಾಸ್ಟ್ರಿಕ್ ಅಂತ ನಾಲ್ಕೈದು ಮಾತ್ರೆ ಇರುವ ಮನೆಗಳೇ ಜಾಸ್ತಿ ಅಲ್ವಾ?

ಆದರೂ ಎಷ್ಟೋ ಜನ ಜನೌಷಧಿ ಕೇಂದ್ರಕ್ಕೆ ಹೋಗಿ, "ಇಲ್ಲಿ ನಮ್ಮ ಮಾತ್ರೆ ಸಿಗಲ್ಲ" ಅಂತ ವಾಪಸ್ ಬರುತ್ತಾರೆ. ಮಾತ್ರೆ ಅಲ್ಲೇ ಇರುತ್ತದೆ, ಬೇರೆ ಹೆಸರಿನಲ್ಲಿ. ಬ್ರ್ಯಾಂಡ್ ಹೆಸರು ಬಿಟ್ಟು ಮಾತ್ರೆಯೊಳಗಿನ ಔಷಧದ ಹೆಸರು ಹಿಡಿದರೆ ಅರ್ಧ ಕೆಲಸ ಮುಗಿಯಿತು. ಉಳಿದ ಅರ್ಧ ಎಚ್ಚರಿಕೆ. ಈ ಬರಹದಲ್ಲಿ ಎಚ್ಚರಿಕೆಗೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಯಾಕೆಂದರೆ ಹಣ ಉಳಿಸಲು ಹೋಗಿ ತಪ್ಪು ಮಾತ್ರೆ ನುಂಗಿದರೆ ಉಳಿಸಿದ್ದರ ಹತ್ತರಷ್ಟು ಆಸ್ಪತ್ರೆಗೆ ಹೋಗುತ್ತದೆ.

ಜನೌಷಧಿ ಎಂದರೆ ಏನು, ಬೆಲೆ ಕಡಿಮೆ ಯಾಕೆ

ಕೇಂದ್ರ ಸರ್ಕಾರದ ಔಷಧ ಇಲಾಖೆ 2008ರಲ್ಲಿ ಶುರು ಮಾಡಿದ ಯೋಜನೆ ಇದು. ಮೊದಲ ಅಂಗಡಿ ಅಮೃತಸರದಲ್ಲಿ ತೆರೆಯಿತು. ಮೊದಲ ಕೆಲವು ವರ್ಷ ಕುಂಟುತ್ತಲೇ ಸಾಗಿತು. 2014ರ ಹೊತ್ತಿಗೆ ಇಡೀ ದೇಶದಲ್ಲಿ ಇದ್ದದ್ದು ಸುಮಾರು 80 ಅಂಗಡಿ. ಆಮೇಲೆ ವೇಗ ಹಿಡಿಯಿತು. 2014ರಿಂದ 2018ರವರೆಗೆ ಔಷಧ ಇಲಾಖೆ ಸೇರಿದ ಖಾತೆಯ ಸಚಿವರಾಗಿದ್ದವರು ನಮ್ಮ ಬೆಂಗಳೂರಿನ ಅನಂತಕುಮಾರ್. ಆ ನಂತರ ಡಿ.ವಿ. ಸದಾನಂದ ಗೌಡರೂ ಅದೇ ಖಾತೆ ನೋಡಿಕೊಂಡರು. 2023ರ ನವೆಂಬರ್‌ನಲ್ಲಿ ಹತ್ತು ಸಾವಿರದ ಕೇಂದ್ರ ಉದ್ಘಾಟನೆಯಾಯಿತು. 2025ರ ಆರಂಭಕ್ಕೆ ಸಂಖ್ಯೆ 15,000 ಮುಟ್ಟಿತು. ಎರಡು ಸಾವಿರಕ್ಕೂ ಹೆಚ್ಚು ಬಗೆಯ ಔಷಧಗಳು ಪಟ್ಟಿಯಲ್ಲಿವೆ.

ಇಲ್ಲಿ ಬೆಲೆ ಕಡಿಮೆ ಇರುವುದಕ್ಕೆ ಕಾರಣ ಸರಳ. ಔಷಧವನ್ನು ಟೆಂಡರ್ ಕರೆದು ಒಟ್ಟಿಗೆ ಕೊಳ್ಳುತ್ತಾರೆ. ಡಾಕ್ಟರ ಹತ್ತಿರ ಹೋಗಿ ಪ್ರಚಾರ ಮಾಡುವ ಮೆಡಿಕಲ್ ರೆಪ್‌ಗಳ ಖರ್ಚಿಲ್ಲ, ಜಾಹೀರಾತಿಲ್ಲ. ಒಂದು ಔಷಧದ ಬೆಲೆ ಮಾರುಕಟ್ಟೆಯ ಮೊದಲ ಮೂರು ಬ್ರ್ಯಾಂಡ್‌ಗಳ ಸರಾಸರಿಯ ಅರ್ಧಕ್ಕಿಂತ ಮೇಲೆ ಹೋಗಬಾರದು ಎಂಬ ಲೆಕ್ಕದಲ್ಲಿ ನಿಗದಿಯಾಗುತ್ತದೆ. ಹಾಗಾಗಿ ಸಾಮಾನ್ಯವಾಗಿ ಶೇ. 50ರಿಂದ 80ರಷ್ಟು ಅಗ್ಗ.

"ಅಗ್ಗದ್ದು ಕೆಲಸ ಮಾಡುತ್ತಾ?" ಇದು ಎಲ್ಲರೂ ಕೇಳುವ ಪ್ರಶ್ನೆ, ಕೇಳಲೇಬೇಕಾದದ್ದೂ ಹೌದು. ವಿಶ್ವ ಆರೋಗ್ಯ ಸಂಸ್ಥೆಯ ತಯಾರಿಕಾ ಮಟ್ಟದ ಪ್ರಮಾಣಪತ್ರ ಇರುವ ಕಂಪನಿಗಳಿಂದಲೇ ಔಷಧ ಕೊಳ್ಳಬೇಕು ಎಂಬ ನಿಯಮವಿದೆ. ಅಂಗಡಿಗೆ ಹೋಗುವ ಮುಂಚೆ ಪ್ರತಿ ಬ್ಯಾಚನ್ನೂ ಮಾನ್ಯತೆ ಪಡೆದ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಬೇಕು. ಆಗೊಮ್ಮೆ ಈಗೊಮ್ಮೆ ಒಂದು ಬ್ಯಾಚ್ ಪರೀಕ್ಷೆಯಲ್ಲಿ ಫೇಲ್ ಆದ ಸುದ್ದಿ ಬರುವುದು ನಿಜ. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಪ್ರತಿ ತಿಂಗಳು ಪ್ರಕಟಿಸುವ ಫೇಲ್ ಪಟ್ಟಿಯಲ್ಲಿ ಬ್ರ್ಯಾಂಡ್ ಔಷಧಗಳೂ ಇರುತ್ತವೆ. ಹಾಗಾಗಿ ಬೆಲೆ ನೋಡಿ ಗುಣಮಟ್ಟ ಅಳೆಯುವುದರಲ್ಲಿ ಅರ್ಥವಿಲ್ಲ ಎಂಬುದು ನನ್ನ ಅಭಿಪ್ರಾಯ. ಬದಲಿಸಿದ ಮೇಲೆ ದೇಹ ಏನು ಹೇಳುತ್ತದೆ ಅಂತ ಅಳತೆ ಮಾಡಿ ನೋಡುವುದೇ ಸರಿಯಾದ ದಾರಿ. ಅದನ್ನು ಮುಂದೆ ಹೇಳುತ್ತೇನೆ.

ಕೊಳ್ಳುವ ಮುಂಚೆ: ಉಚಿತವಾಗಿ ಸಿಗುತ್ತದಾ ನೋಡಿ

ಬಿಪಿ ಮತ್ತು ಶುಗರ್‌ಗೆ ಕೊಡುವ ಸಾಮಾನ್ಯ ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ, ನಗರಗಳಲ್ಲಿ 'ನಮ್ಮ ಕ್ಲಿನಿಕ್' ಎಂಬ ಸರ್ಕಾರಿ ಕ್ಲಿನಿಕ್‌ಗಳಲ್ಲಿ ಹಣವಿಲ್ಲದೆ ಸಿಗುತ್ತವೆ. ಒಮ್ಮೆ ಹೆಸರು ನೋಂದಾಯಿಸಿದರೆ ತಿಂಗಳ ಮಾತ್ರೆ ಕೊಡುತ್ತಾರೆ. ಕ್ಷಯರೋಗದ ಪೂರ್ತಿ ಚಿಕಿತ್ಸೆ, ಎಚ್‌ಐವಿ ಔಷಧ ಇವಕ್ಕೂ ಸರ್ಕಾರಿ ವ್ಯವಸ್ಥೆಯಲ್ಲಿ ದುಡ್ಡು ಕೊಡಬೇಕಿಲ್ಲ. ಮನೆ ಹತ್ತಿರದ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ನಿಮ್ಮ ಕಡೆ ಏನೇನು ಸಿಗುತ್ತದೆ ಅಂತ ಹೇಳುತ್ತಾರೆ. ಅಲ್ಲಿ ಸಿಗುವುದನ್ನು ಅಲ್ಲಿ ಪಡೆದು, ಸಿಗದ್ದಕ್ಕೆ ಮಾತ್ರ ಅಂಗಡಿಗೆ ಹೋಗಿ.

ಹಂತ 1: ಮನೆಯಲ್ಲೇ ಪಟ್ಟಿ ಮಾಡಿ

ಒಂದು ಹಾಳೆ ತೆಗೆದುಕೊಳ್ಳಿ. ಈಗ ನುಂಗುತ್ತಿರುವ ಎಲ್ಲಾ ಮಾತ್ರೆಗಳ ಶೀಟನ್ನು ಟೇಬಲ್ ಮೇಲೆ ಹರಡಿ. ಪ್ರತಿಯೊಂದಕ್ಕೂ ಐದು ವಿವರ ಬರೆಯಬೇಕು: ಬ್ರ್ಯಾಂಡ್ ಹೆಸರು, ಒಳಗಿನ ಔಷಧದ ಹೆಸರು, ಎಷ್ಟು ಎಂಜಿ, ದಿನಕ್ಕೆ ಎಷ್ಟು ಸಲ, ಈಗ ಒಂದು ಮಾತ್ರೆಗೆ ಎಷ್ಟು ರೂಪಾಯಿ ಬೀಳುತ್ತಿದೆ.

ಒಳಗಿನ ಔಷಧದ ಹೆಸರನ್ನು ಮೆಡಿಕಲ್ ಶಾಪ್‌ನವರು ಕಾಂಟೆಂಟ್ ಅಥವಾ ಸಾಲ್ಟ್ ಅನ್ನುತ್ತಾರೆ. ಅದು ಶೀಟಿನ ಹಿಂದೆ ಅಚ್ಚಾಗಿರುತ್ತದೆ. ಟೆಲ್ಮಿಸಾರ್ಟನ್, ಅಮ್ಲೋಡಿಪಿನ್, ಅಟೋರ್ವಾಸ್ಟಾಟಿನ್, ಪ್ಯಾಂಟೊಪ್ರಜೋಲ್, ಹೀಗೆ. ಅಕ್ಷರ ಚಿಕ್ಕದಿದ್ದರೆ ಮೊಬೈಲ್‌ನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಮಾತ್ರೆ ಕತ್ತರಿಸಿಕೊಂಡು ಶೀಟಿನ ತುದಿ ಹರಿದುಹೋಗಿದ್ದರೆ ಹಳೆ ಬಿಲ್ ಹುಡುಕಿ, ಇಲ್ಲವೇ ಆನ್‌ಲೈನ್ ಔಷಧ ಅಂಗಡಿಗಳ ಆ್ಯಪ್‌ನಲ್ಲಿ ಬ್ರ್ಯಾಂಡ್ ಹೆಸರು ಹಾಕಿ. ಅಲ್ಲಿ ಕಾಂಟೆಂಟ್ ತೋರಿಸುತ್ತದೆ.

ಈ ಹಂತದಲ್ಲಿ ಆತುರ ಬೇಡ. ಗೊಂದಲ ಆಗುವುದೆಲ್ಲ ಇಲ್ಲೇ.

ಮೊದಲನೆಯದು ಹೆಸರಿನ ಬಾಲ. ಟೆಲ್ಮಿಸಾರ್ಟನ್ 40 ಬೇರೆ. ಅದರ ಮುಂದೆ ಎಚ್ ಇದ್ದರೆ ಮೂತ್ರ ಜಾಸ್ತಿ ಮಾಡಿಸುವ ಇನ್ನೊಂದು ಔಷಧ ಸೇರಿದೆ ಎಂದರ್ಥ. ಎಎಂ ಇದ್ದರೆ ಅಮ್ಲೋಡಿಪಿನ್ ಸೇರಿದೆ. ಪ್ಯಾಂಟೊಪ್ರಜೋಲ್ ಮುಂದೆ ಡಿ ಅಥವಾ ಡಿಎಸ್ಆರ್ ಇದ್ದರೆ ವಾಂತಿ ತಡೆಯುವ ಡಾಂಪೆರಿಡೋನ್ ಜೊತೆಗಿದೆ. ಎಸ್ಆರ್, ಇಆರ್, ಎಕ್ಸ್ಆರ್ ಅಂತಿದ್ದರೆ ಮಾತ್ರೆ ಹೊಟ್ಟೆಯಲ್ಲಿ ನಿಧಾನವಾಗಿ ಕರಗುವಂಥದ್ದು. ಮೆಟ್‌ಫಾರ್ಮಿನ್ 500 ಮತ್ತು ಮೆಟ್‌ಫಾರ್ಮಿನ್ 500 ಎಸ್ಆರ್ ಎರಡೂ ಒಂದೇ ಔಷಧವಾದರೂ ಒಂದರ ಬದಲು ಇನ್ನೊಂದು ನುಂಗುವಂತಿಲ್ಲ. ನಿಧಾನವಾಗಿ ಕರಗುವ ಮಾತ್ರೆಯನ್ನು ಪುಡಿ ಮಾಡಿ ನುಂಗಬಾರದು.

ಎರಡನೆಯದು ಒಂದೇ ಥರ ಕೇಳುವ ಔಷಧಗಳು. ಅಮ್ಲೋಡಿಪಿನ್ 5 ಎಂಜಿ ಮತ್ತು ಎಸ್-ಅಮ್ಲೋಡಿಪಿನ್ 2.5 ಎಂಜಿ ಹೆಚ್ಚುಕಮ್ಮಿ ಸಮ. "ಎರಡೂವರೆ ಇದೆ, ಎರಡು ನುಂಗಿದರೆ ಐದಾಯಿತು" ಅಂತ ಎಸ್-ಅಮ್ಲೋಡಿಪಿನ್ ಎರಡು ನುಂಗಿದರೆ ಡೋಸ್ ಡಬಲ್ ಆಗುತ್ತದೆ, ಬಿಪಿ ಕೆಳಗೆ ಬೀಳುತ್ತದೆ. ಹಾಗೆಯೇ ಮೆಟೊಪ್ರೊಲಾಲ್ ಟಾರ್ಟ್ರೇಟ್ ಮತ್ತು ಮೆಟೊಪ್ರೊಲಾಲ್ ಸಕ್ಸಿನೇಟ್. ಮೊದಲನೆಯದನ್ನು ಸಾಮಾನ್ಯವಾಗಿ ದಿನಕ್ಕೆ ಎರಡು ಸಲ ಕೊಡುತ್ತಾರೆ, ಎರಡನೆಯದು ನಿಧಾನವಾಗಿ ಕರಗುವ ರೂಪದಲ್ಲಿ ದಿನಕ್ಕೆ ಒಂದೇ ಸಲ. ಒಮೆಪ್ರಜೋಲ್ ಮತ್ತು ಎಸೊಮೆಪ್ರಜೋಲ್ ಕೂಡ ಬೇರೆ ಬೇರೆ.

ಮೂರನೆಯದು ಎಂಜಿ ಮತ್ತು ಎಂಸಿಜಿ. ಥೈರಾಯ್ಡ್ ಮಾತ್ರೆ ಎಂಸಿಜಿ ಲೆಕ್ಕದಲ್ಲಿ ಬರುತ್ತದೆ. ಎಂಜಿಯ ಸಾವಿರದಲ್ಲಿ ಒಂದು ಭಾಗ. ಪಟ್ಟಿಯಲ್ಲಿ 50 ಎಂಸಿಜಿ ಅಂತಲೇ ಸರಿಯಾಗಿ ಬರೆಯಿರಿ.

ಹಂತ 2: ಡಾಕ್ಟರ ಹತ್ತಿರ ಚೀಟಿ ಬರೆಸುವುದು

ಇದನ್ನು ಬಿಟ್ಟು ನೇರವಾಗಿ ಅಂಗಡಿಗೆ ಹೋಗುವವರೇ ಜಾಸ್ತಿ. ಆದರೆ ಕಾನೂನು ಏನು ಹೇಳುತ್ತದೆ ಅಂತ ತಿಳಿದಿರಲಿ. ಷೆಡ್ಯೂಲ್ ಎಚ್ ಎಂಬ ಸರ್ಕಾರಿ ಪಟ್ಟಿಯಲ್ಲಿರುವ ಔಷಧಗಳಿಗೆ ಡಾಕ್ಟರ ಚೀಟಿ ಬೇಕೇ ಬೇಕು. ನಾವು ಕೊಳ್ಳುವ ಬಹುಪಾಲು ಬಿಪಿ, ಶುಗರ್, ಹೃದಯದ ಮಾತ್ರೆಗಳು ಅದರಲ್ಲೇ ಬರುತ್ತವೆ. ಅಷ್ಟೇ ಅಲ್ಲ, ಚೀಟಿಯಲ್ಲಿ ಒಂದು ಬ್ರ್ಯಾಂಡ್ ಬರೆದಿದ್ದರೆ ಅಂಗಡಿಯವರು ತಾವಾಗಿ ಬೇರೆಯದನ್ನು ಕೊಡುವಂತಿಲ್ಲ. ಒಳಗಿನ ಔಷಧ ಒಂದೇ ಆಗಿದ್ದರೂ ಸರಿ. "ಅದೇ ಕಾಂಟೆಂಟ್ ಸಾರ್, ಬೇರೆ ಕಂಪನಿ" ಅಂತ ಊರೂರಲ್ಲೂ ಕೊಡುತ್ತಾರೆ, ಅದು ಬೇರೆ ಮಾತು. ನಿಯಮ ಪಾಲಿಸುವ ಫಾರ್ಮಸಿಸ್ಟ್ ಬ್ರ್ಯಾಂಡ್ ಚೀಟಿ ನೋಡಿ "ಆಗಲ್ಲ" ಅಂದರೆ ಅವರ ಮೇಲೆ ರೇಗಬೇಡಿ.

ಹಾಗಾಗಿ ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಪಟ್ಟಿ ತೋರಿಸಿ ಕೇಳಿ: "ಡಾಕ್ಟ್ರೇ, ತಿಂಗಳ ಖರ್ಚು ಜಾಸ್ತಿ ಆಗ್ತಿದೆ. ಜನೌಷಧಿಯಲ್ಲಿ ತಗೊಳ್ಳೋಣ ಅಂತಿದ್ದೀವಿ. ಕಾಂಟೆಂಟ್ ಹೆಸರು ಬರೆದುಕೊಡ್ತೀರಾ? ಇದರಲ್ಲಿ ಯಾವುದನ್ನು ಬದಲಿಸಬಾರದು?" ಕೊನೆಯ ಪ್ರಶ್ನೆಯೇ ಮುಖ್ಯ. ಔಷಧದ ಹೆಸರನ್ನು ಸ್ಪಷ್ಟವಾಗಿ, ಆದಷ್ಟು ದೊಡ್ಡಕ್ಷರದಲ್ಲಿ ಬರೆಯಬೇಕು ಎಂದು ವೈದ್ಯರ ನಡವಳಿಕೆಯ ನಿಯಮಗಳಲ್ಲೇ ಇದೆ. ನೀವು ಕೇಳುತ್ತಿರುವುದು ಏನೂ ಅತಿಯಲ್ಲ.

ಜೊತೆಗೆ ಇನ್ನೊಂದು ಕೇಳಿ: "ಇದರಲ್ಲಿ ಈಗ ಬೇಡವಾದ ಮಾತ್ರೆ ಏನಾದರೂ ಇದೆಯಾ?" ಎಂದೋ ಒಮ್ಮೆ ಹದಿನೈದು ದಿನಕ್ಕೆ ಅಂತ ಬರೆದ ಗ್ಯಾಸ್ಟ್ರಿಕ್ ಮಾತ್ರೆ ವರ್ಷಗಟ್ಟಲೆ ನಡೆಯುತ್ತಿರುತ್ತದೆ. ವಿಟಮಿನ್ ಮಾತ್ರೆಗಳದ್ದೂ ಇದೇ ಕಥೆ. ನಿಲ್ಲಿಸಿದ ಮಾತ್ರೆಗಿಂತ ಅಗ್ಗದ ಮಾತ್ರೆ ಇಲ್ಲ. ಆದರೆ ನಿಲ್ಲಿಸುವುದು ಡಾಕ್ಟರ ತೀರ್ಮಾನ, ನಮ್ಮದಲ್ಲ.

ಕೆಲವು ಡಾಕ್ಟರು "ಬೇಡ" ಅನ್ನುತ್ತಾರೆ. ಕಾರಣ ಕೇಳಿ. ಮುಂದಿನ ಹಂತದಲ್ಲಿ ಹೇಳಿರುವಂಥ ಕಾರಣವಾದರೆ ಅವರ ಮಾತು ಕೇಳಿ. ಕ್ಲಿನಿಕ್ ಕೆಳಗಡೆಯ ಮೆಡಿಕಲ್‌ನಲ್ಲಿ ಮಾತ್ರ ಸಿಗುವ ಬ್ರ್ಯಾಂಡ್ ಆಗಿದ್ದು ಬೇರೆ ಯಾವ ಕಾರಣವೂ ಇಲ್ಲದಿದ್ದರೆ, ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳುವ ಹಕ್ಕು ನಿಮಗಿದೆ.

ಹಂತ 3: ಇವನ್ನು ಮಾತ್ರ ಸುಮ್ನೆ ಬದಲಿಸಬೇಡಿ

ಕೆಲವು ಔಷಧಗಳಲ್ಲಿ ರಕ್ತದಲ್ಲಿನ ಪ್ರಮಾಣ ಸ್ವಲ್ಪ ಏರುಪೇರಾದರೂ ತೊಂದರೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್. ಮನೋರೋಗಕ್ಕೆ ಕೊಡುವ ಲಿಥಿಯಂ. ಹೃದಯದ ಡಿಗಾಕ್ಸಿನ್. ಕಿಡ್ನಿ ಕಸಿ ಆದವರು ತೆಗೆದುಕೊಳ್ಳುವ ಟ್ಯಾಕ್ರೊಲಿಮಸ್. ಇವುಗಳಲ್ಲಿ ಬ್ರ್ಯಾಂಡ್‌ನಿಂದ ಜನರಿಕ್‌ಗೆ (ಬ್ರ್ಯಾಂಡ್ ಹೆಸರಿಲ್ಲದೆ ಕಾಂಟೆಂಟ್ ಹೆಸರಿನಲ್ಲೇ ಮಾರುವ ಮಾತ್ರೆಗೆ) ಹೋಗುವುದಷ್ಟೇ ಅಲ್ಲ, ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋಗುವಾಗಲೂ ಡಾಕ್ಟರಿಗೆ ಗೊತ್ತಿರಬೇಕು. ಫಿಟ್ಸ್ ಹತೋಟಿಯಲ್ಲಿರುವವರ ಮಾತ್ರೆಯನ್ನು ಹಣಕ್ಕೋಸ್ಕರ ಮುಟ್ಟಲೇಬೇಡಿ ಎಂದೇ ನಾನು ಹೇಳುವುದು. ಅದರ ಬದಲು ಬೇರೆ ಮಾತ್ರೆಗಳಲ್ಲಿ ಉಳಿಸಿ.

ಥೈರಾಯ್ಡ್ ಮಾತ್ರೆಯೂ ಇದೇ ಗುಂಪಿನದು. ಹೇಗೂ ಅದು ಬ್ರ್ಯಾಂಡ್‌ನಲ್ಲೂ ಅಂಥ ದುಬಾರಿಯಲ್ಲ. ಬದಲಿಸಲೇಬೇಕಾಗಿ ಬಂದರೆ ಆರರಿಂದ ಎಂಟು ವಾರದ ನಂತರ ಟಿಎಸ್ಎಚ್ ಪರೀಕ್ಷೆ ಮಾಡಿಸಿ.

ಇನ್ಸುಲಿನ್ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ನಮ್ಮಲ್ಲಿ ಬಾಟಲಿ ಇನ್ಸುಲಿನ್ ಹೆಚ್ಚಾಗಿ ಒಂದು ಎಂಎಲ್‌ಗೆ 40 ಯೂನಿಟ್‌ನದು. ಪೆನ್‌ನಲ್ಲಿ ಹಾಕುವುದು 100 ಯೂನಿಟ್‌ನದು. ಬಾಟಲಿಯಲ್ಲೂ 100 ಯೂನಿಟ್‌ನದು ಸಿಗುತ್ತದೆ. 40ರ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜ್, 100ರದ್ದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜ್. ಇದು ಅದಲುಬದಲಾದರೆ ಡೋಸ್ ಎರಡೂವರೆ ಪಟ್ಟು ಹೆಚ್ಚುಕಡಿಮೆ ಆಗುತ್ತದೆ. ಅಗ್ಗದ ಬಾಟಲಿ ಸಿಕ್ಕಿತು ಅಂತ ತರುವಾಗ ಅದರ ಮೇಲಿನ ಯೂನಿಟ್ ಸಂಖ್ಯೆಯನ್ನು ಹಳೆ ಬಾಟಲಿಯ ಜೊತೆ ಇಟ್ಟು ನೋಡಿ. ಅಂಗಡಿಯವರು ಅದನ್ನು ಫ್ರಿಡ್ಜ್‌ನಿಂದ ತೆಗೆದುಕೊಡುತ್ತಿದ್ದಾರಾ ಅಂತಲೂ ಗಮನಿಸಿ. ಕಪಾಟಿನಿಂದ ತೆಗೆದುಕೊಟ್ಟರೆ ಬೇಡ ಅನ್ನಿ.

ಹಂತ 4: ಕೇಂದ್ರ ಹುಡುಕಿ, ಹೋಗುವ ಮುಂಚೆ ಫೋನ್ ಮಾಡಿ

ಜನೌಷಧಿ ಸುಗಮ್ ಎಂಬ ಸರ್ಕಾರಿ ಆ್ಯಪ್ ಇದೆ. ಹತ್ತಿರದ ಕೇಂದ್ರ ಎಲ್ಲಿದೆ ಎಂದು ತೋರಿಸುತ್ತದೆ. ಔಷಧದ ಹೆಸರು ಹಾಕಿದರೆ ಅದು ಪಟ್ಟಿಯಲ್ಲಿದೆಯೋ ಇಲ್ಲವೋ, ಬೆಲೆ ಎಷ್ಟು, ಬ್ರ್ಯಾಂಡ್‌ಗಿಂತ ಎಷ್ಟು ಕಡಿಮೆ ಅಂತಲೂ ಹೇಳುತ್ತದೆ. ಆ್ಯಪ್ ಬಳಸದ ಹಿರಿಯರು 1800 180 8080 ಸಂಖ್ಯೆಗೆ ಫೋನ್ ಮಾಡಬಹುದು, ಕರೆ ಉಚಿತ.

ಕೇಂದ್ರಗಳು ಈಗ ಬರೀ ಆಸ್ಪತ್ರೆ ಬಳಿ ಇಲ್ಲ. ಬಡಾವಣೆಗಳಲ್ಲಿ, ಬಸ್ ಸ್ಟ್ಯಾಂಡ್ ಸುತ್ತಮುತ್ತ, ಕೆಲವು ರೈಲು ನಿಲ್ದಾಣಗಳಲ್ಲಿ ಇವೆ. 2023ರಿಂದ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಿಗೂ ಕೇಂದ್ರ ತೆರೆಯಲು ಅವಕಾಶ ಕೊಟ್ಟಿದ್ದಾರೆ. ಹಳ್ಳಿಯಲ್ಲಿರುವವರು ತಮ್ಮ ಸೊಸೈಟಿಯಲ್ಲಿ ಒಮ್ಮೆ ವಿಚಾರಿಸಿ.

ಕರ್ನಾಟಕದವರಿಗೆ ಒಂದು ಮಾತು. ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿರುವ ಜನೌಷಧಿ ಕೇಂದ್ರಗಳನ್ನು ಮುಚ್ಚಲು ರಾಜ್ಯ ಸರ್ಕಾರ 2025ರ ಮೇ ತಿಂಗಳಲ್ಲಿ ಮುಂದಾಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತವಾಗಿಯೇ ಸಿಗಬೇಕು, ಅಲ್ಲಿ ಮಾರಾಟ ಯಾಕೆ ಎಂಬುದು ಸರ್ಕಾರದ ವಾದ. ಕೇಂದ್ರ ನಡೆಸುವವರು ಹೈಕೋರ್ಟ್‌ಗೆ ಹೋದರು. ವಾದದಲ್ಲಿ ಹುರುಳಿದೆ, ಆದರೆ ಒಳಗಡೆ ಸ್ಟಾಕ್ ಇಲ್ಲದ ದಿನ ರೋಗಿ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಯಲ್ಲೂ ಹುರುಳಿದೆ. ನಿಮ್ಮ ಮಟ್ಟಿಗೆ ಇದರ ಅರ್ಥ ಇಷ್ಟೇ: ಆಸ್ಪತ್ರೆ ಆವರಣದ ಕೇಂದ್ರ ನಂಬಿಕೊಂಡು ದೂರದಿಂದ ಬಸ್ ಹತ್ತುವ ಮುಂಚೆ ತೆರೆದಿದೆಯಾ ಅಂತ ಕೇಳಿಕೊಳ್ಳಿ.

ಫೋನ್ ಮಾಡಿದಾಗ "ಶುಗರ್ ಮಾತ್ರೆ ಇದೆಯಾ" ಅಂತ ಕೇಳಬೇಡಿ. ಪಟ್ಟಿಯಲ್ಲಿರುವ ಹಾಗೆ "ಗ್ಲಿಮೆಪಿರೈಡ್ 1, ಮೆಟ್‌ಫಾರ್ಮಿನ್ 500 ಎಸ್ಆರ್ ಸೇರಿದ್ದು ಇದೆಯಾ, ಎಷ್ಟು ಶೀಟ್ ಇದೆ" ಅಂತ ಕೇಳಿ.

ಕ್ಯಾನ್ಸರ್, ಹೃದಯದ ದುಬಾರಿ ಔಷಧ ಮತ್ತು ಸ್ಟೆಂಟ್, ಇಂಪ್ಲಾಂಟ್‌ಗಳಿಗೆ ಅಮೃತ್ ಫಾರ್ಮಸಿ ಎಂಬ ಇನ್ನೊಂದು ವ್ಯವಸ್ಥೆ ಇದೆ. ಕೇಂದ್ರ ಸರ್ಕಾರದ ಎಚ್‌ಎಲ್‌ಎಲ್ ಲೈಫ್‌ಕೇರ್ ಸಂಸ್ಥೆ 2015ರಿಂದ ನಡೆಸುತ್ತಿದೆ. ಅಲ್ಲಿ ಬ್ರ್ಯಾಂಡ್ ಔಷಧಗಳೇ ರಿಯಾಯಿತಿಯಲ್ಲಿ ಸಿಗುತ್ತವೆ. ದೊಡ್ಡ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯುತ್ತಿದ್ದರೆ ಇದನ್ನೂ ವಿಚಾರಿಸಿ.

ಹಂತ 5: ಕೌಂಟರ್ ಮುಂದೆ

ಚೀಟಿ ಮತ್ತು ಹಳೆ ಶೀಟ್ ಎರಡನ್ನೂ ಒಯ್ಯಿರಿ. ಕೊಟ್ಟ ಮಾತ್ರೆಯನ್ನು ಅಲ್ಲೇ ನಿಂತು ಹಳೆ ಶೀಟಿನ ಪಕ್ಕ ಇಟ್ಟು ನೋಡಿ. ಕಾಂಟೆಂಟ್ ಒಂದೇನಾ, ಎಂಜಿ ಒಂದೇನಾ, ಎಸ್ಆರ್ ಇದ್ದದ್ದು ಎಸ್ಆರ್ ಆಗಿಯೇ ಇದೆಯಾ. ಎಕ್ಸ್‌ಪೈರಿ ದಿನಾಂಕ ನಿಮ್ಮ ಮಾತ್ರೆ ಮುಗಿಯುವ ತಿಂಗಳಿಗಿಂತ ಮುಂದಿದೆಯಾ. ಹಿಂದೆ ಸರದಿ ಇದ್ದರೂ ಪರವಾಗಿಲ್ಲ, ನಿಮಿಷದ ಕೆಲಸ.

ಶೀಟಿನ ಮೇಲೆ ಜನೌಷಧಿಯ ಗುರುತು ಇರಬೇಕು. ಇದನ್ನು ಒತ್ತಿ ಹೇಳಲು ಕಾರಣವಿದೆ. ಸ್ಟಾಕ್ ಇಲ್ಲದಾಗ ಬೇರೆ ಕಂಪನಿ ಮಾತ್ರೆ ಕೊಡುವ ಅಂಗಡಿಗಳೂ ಇವೆ. ಜನೌಷಧಿ ಬೋರ್ಡ್ ನೋಡಿ ಒಳಗೆ ಹೋದ ನಾವು ಬೆಲೆ ಪರಿಶೀಲಿಸುವುದೇ ಇಲ್ಲ.

ಬಿಲ್ ಕೇಳಿ ಪಡೆಯಿರಿ. ಬ್ಯಾಚ್ ನಂಬರ್ ಇರುವ ಬಿಲ್ ಇಲ್ಲದೆ ಮುಂದೆ ಯಾವ ದೂರೂ ನಿಲ್ಲುವುದಿಲ್ಲ. ಮುದ್ರಿತ ಬೆಲೆಯಲ್ಲಿ ತೆರಿಗೆ ಸೇರಿರುತ್ತದೆ, ಅದರ ಮೇಲೆ ಮತ್ತೆ ಜಿಎಸ್‌ಟಿ ಹಾಕುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ಔಷಧಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ.

ಮೊದಲ ಸಲ ಮೂರು ತಿಂಗಳಿಗೆ ಆಗುವಷ್ಟು ಕೊಳ್ಳಬೇಡಿ. ಒಂದು ತಿಂಗಳದ್ದು ಸಾಕು. ಹೆಣ್ಣುಮಕ್ಕಳಿರುವ ಮನೆಯವರು ಅಲ್ಲಿಯೇ ಸುವಿಧಾ ಸ್ಯಾನಿಟರಿ ಪ್ಯಾಡ್ ಕೇಳಿ, 2019ರಿಂದ ಒಂದಕ್ಕೆ ಒಂದೇ ರೂಪಾಯಿ.

ಹಂತ 6: "ಶೇ. 70 ರಿಯಾಯಿತಿ" ಬೋರ್ಡಿನ ಲೆಕ್ಕ

ಈಗ ಬೀದಿ ಬೀದಿಯಲ್ಲಿ ಜನರಿಕ್ ಹೆಸರಿನ ಖಾಸಗಿ ಅಂಗಡಿಗಳಿವೆ. ಶೇ. 20, 50, 80 ರಿಯಾಯಿತಿ ಎಂಬ ಬೋರ್ಡ್‌ಗಳಿವೆ. ಇವೆಲ್ಲ ಮೋಸ ಅಂತ ಹೇಳುತ್ತಿಲ್ಲ. ಹಲವು ಕಡೆ ನಿಜಕ್ಕೂ ಅಗ್ಗ. ಆದರೆ ಶೇಕಡಾ ಲೆಕ್ಕ ನಂಬಬೇಡಿ.

ಕೆಲವು ಜನರಿಕ್ ಮಾತ್ರೆಗಳಿಗೆ ಬ್ರ್ಯಾಂಡ್‌ನಷ್ಟೇ ಬೆಲೆ ಅಚ್ಚು ಹಾಕಿರುತ್ತಾರೆ. ಅಂಗಡಿಗೆ ಅದು ಬರುವುದು ತೀರಾ ಕಡಿಮೆ ಬೆಲೆಗೆ. ಗಿರಾಕಿಗೆ ದೊಡ್ಡ ರಿಯಾಯಿತಿ ಕೊಟ್ಟರೂ ಲಾಭ ಚೆನ್ನಾಗಿಯೇ ಉಳಿಯುತ್ತದೆ. ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳಿ. ಒಂದು ಬ್ರ್ಯಾಂಡ್‌ನ ಹದಿನೈದು ಮಾತ್ರೆಗೆ 150 ರೂಪಾಯಿ, ಶೇ. 20 ಕಳೆದರೆ 120. ಒಂದು ಮಾತ್ರೆಗೆ 8 ರೂಪಾಯಿ. ಖಾಸಗಿ ಜನರಿಕ್ ಅಂಗಡಿಯಲ್ಲಿ ಹತ್ತು ಮಾತ್ರೆಗೆ 90, ಶೇ. 50 ಕಳೆದರೆ 45. ಒಂದಕ್ಕೆ 4.50. ಜನೌಷಧಿಯಲ್ಲಿ ಹತ್ತಕ್ಕೆ 22, ರಿಯಾಯಿತಿಯೇ ಇಲ್ಲ. ಒಂದಕ್ಕೆ 2.20. ರಿಯಾಯಿತಿ ಬೋರ್ಡ್ ಇಲ್ಲದ ಅಂಗಡಿಯೇ ಇಲ್ಲಿ ಅಗ್ಗ. ಶೀಟಿನಲ್ಲಿ ಹತ್ತು ಮಾತ್ರೆ ಇದೆಯೋ, ಹದಿನಾಲ್ಕೋ, ಹದಿನೈದೋ ಅಂತ ಎಣಿಸಿ ಭಾಗಿಸಿದರೆ ಮಾತ್ರ ಇದು ಗೊತ್ತಾಗುತ್ತದೆ.

ಎಲ್ಲ ಮಾತ್ರೆಯಲ್ಲೂ ಉಳಿತಾಯ ಒಂದೇ ಥರ ಇರುವುದಿಲ್ಲ ಎಂಬುದೂ ನೆನಪಿರಲಿ. ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿರುವ ಔಷಧಗಳಿಗೆ ಸರ್ಕಾರವೇ ಗರಿಷ್ಠ ಬೆಲೆ ಕಟ್ಟುತ್ತದೆ. 2022ರ ಪಟ್ಟಿಯಲ್ಲಿ 384 ಔಷಧಗಳಿವೆ. ಮೆಟ್‌ಫಾರ್ಮಿನ್, ಅಮ್ಲೋಡಿಪಿನ್, ಪ್ಯಾರಾಸಿಟಮಾಲ್ ಇಂಥವು ಬ್ರ್ಯಾಂಡ್‌ನಲ್ಲೂ ಒಂದು ಮಿತಿಯಲ್ಲೇ ಇರುತ್ತವೆ. ಜಾಸ್ತಿ ಉಳಿಯುವುದು ಈ ಪಟ್ಟಿಯಲ್ಲಿಲ್ಲದ ಮಾತ್ರೆಗಳಲ್ಲಿ, ಎರಡು ಮೂರು ಔಷಧ ಸೇರಿಸಿದ ಮಾತ್ರೆಗಳಲ್ಲಿ, ಇತ್ತೀಚೆಗೆ ಪೇಟೆಂಟ್ ಮುಗಿದ ಮಾತ್ರೆಗಳಲ್ಲಿ. ಎಂಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆಯ ಪೇಟೆಂಟ್ 2025ರ ಮಾರ್ಚ್‌ನಲ್ಲಿ ಮುಗಿದಾಗ ಹತ್ತಾರು ಕಂಪನಿಗಳು ಅದನ್ನು ತಂದವು, ಬೆಲೆ ಕುಸಿಯಿತು. ಅದನ್ನು ಹಳೆ ಬೆಲೆಗೇ ಕೊಳ್ಳುತ್ತಿರುವವರು ಇಂದೇ ಡಾಕ್ಟರನ್ನು ಕೇಳಿ.

ಗರಿಷ್ಠ ಬೆಲೆ ಎಷ್ಟು ಅಂತ ನೋಡಲು ಔಷಧ ಬೆಲೆ ಪ್ರಾಧಿಕಾರದ ಫಾರ್ಮಾ ಸಹಿ ದಾಮ್ ಆ್ಯಪ್ ಇದೆ.

ಹಂತ 7: ಸ್ಟಾಕ್ ಇಲ್ಲ ಅಂದರೆ

ಜನೌಷಧಿಯ ದೊಡ್ಡ ದೌರ್ಬಲ್ಯ ಇದೇ. ಒಂದು ತಿಂಗಳು ಇದ್ದ ಮಾತ್ರೆ ಮುಂದಿನ ತಿಂಗಳು ಇರುವುದಿಲ್ಲ. ಯೋಜನೆಯ ಗೋದಾಮುಗಳಲ್ಲಿ ಒಂದು ಬೆಂಗಳೂರಿನಲ್ಲೇ ಇದೆ. ಆದರೂ ಚಿಕ್ಕ ಊರಿನ ಕೇಂದ್ರ ನಡೆಸುವವರು ಹೋಗದ ಮಾಲು ತರಿಸಲು ಹಿಂಜರಿಯುತ್ತಾರೆ. ಅವರ ಕಷ್ಟ ಅವರಿಗೆ. ನೀವು ಪ್ರತಿ ತಿಂಗಳು ಬರುವ ಗಿರಾಕಿ ಅಂತ ಗೊತ್ತಾದರೆ ತರಿಸುತ್ತಾರೆ. ಪಟ್ಟಿಯ ಒಂದು ಪ್ರತಿ ಕೊಟ್ಟು ಫೋನ್ ನಂಬರ್ ಬರೆಸಿ ಬನ್ನಿ.

ಮಾತ್ರೆ ಮುಗಿಯುವ ಹತ್ತು ದಿನ ಮುಂಚೆಯೇ ಹೋಗಿ. ಕೊನೇ ದಿನ ಹೋಗಿ ಸ್ಟಾಕ್ ಇಲ್ಲ ಅಂದರೆ ಬಿಪಿ ಮಾತ್ರೆ ತಪ್ಪಿಹೋಗುತ್ತದೆ. ಆಗ ಅಗ್ಗದ್ದು ಬರಲಿ ಅಂತ ಕಾಯಬೇಡಿ. ಹಳೆ ಬ್ರ್ಯಾಂಡ್‌ನದ್ದೇ ಒಂದು ಶೀಟ್ ಕೊಂಡು ನುಂಗಿ. ಎರಡು ಔಷಧ ಸೇರಿದ ಮಾತ್ರೆ ಸಿಗದಿದ್ದರೆ ಎರಡನ್ನೂ ಬೇರೆ ಬೇರೆಯಾಗಿ ತೆಗೆದುಕೊಳ್ಳಬಹುದೇ ಅಂತ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಹಂತ 8: ಮನೆಗೆ ತಂದ ಮೇಲೆ

ಎಲ್ಲಾ ಮಾತ್ರೆಗಳನ್ನೂ ಒಂದೇ ದಿನ ಬದಲಿಸಬೇಡಿ. ಒಂದನ್ನು ಬದಲಿಸಿ, ಎರಡು ವಾರ ನೋಡಿ, ಆಮೇಲೆ ಇನ್ನೊಂದು. ಒಟ್ಟಿಗೆ ಬದಲಿಸಿ ತಲೆ ಸುತ್ತು ಬಂದರೆ ಯಾವುದರಿಂದ ಅಂತ ಯಾರಿಗೂ ಹೇಳಲು ಬರುವುದಿಲ್ಲ. ಬಿಪಿ ಮಾತ್ರೆಯಾದರೆ ದಿನಾ ಒಂದೇ ಹೊತ್ತಿಗೆ ಬಿಪಿ ನೋಡಿ ಬರೆದಿಡಿ. ಶುಗರ್ ಮಾತ್ರೆಯಾದರೆ ಖಾಲಿ ಹೊಟ್ಟೆಯದ್ದು, ಊಟದ ನಂತರದ್ದು. ಬದಲಿಸುವ ಮುಂಚಿನ ಒಂದು ವಾರದ ಅಳತೆಯೂ ಇದ್ದರೆ ಹೋಲಿಸಲು ಸುಲಭ. ಆ ಹಾಳೆಯನ್ನು ಡಾಕ್ಟರಿಗೆ ತೋರಿಸಿ.

ವಯಸ್ಸಾದವರಿರುವ ಮನೆಯಲ್ಲಿ ಇನ್ನೊಂದು ಅಪಾಯ. ಅಜ್ಜಿಗೆ ಮಾತ್ರೆಯ ಹೆಸರು ಗೊತ್ತಿಲ್ಲ, ಬಣ್ಣ ಗೊತ್ತು. "ಗುಲಾಬಿ ಬೆಳಿಗ್ಗೆ, ಬಿಳಿ ರಾತ್ರಿ" ಅಂತ ಲೆಕ್ಕ ಇಟ್ಟಿರುತ್ತಾರೆ. ಹೊಸ ಕಂಪನಿಯದ್ದು ಬಿಳಿ ಬಣ್ಣದಲ್ಲಿ ಬಂದರೆ ಬೆಳಗಿನದ್ದೂ ರಾತ್ರಿಯದ್ದೂ ಕಲಸಿಹೋಗುತ್ತದೆ. ಹಳೆ ಶೀಟ್ ಪೂರ್ತಿ ಮುಗಿಯುವವರೆಗೆ ಹೊಸದನ್ನು ಡಬ್ಬಿಗೆ ಹಾಕಬೇಡಿ. ಇಲ್ಲದಿದ್ದರೆ ಒಂದೇ ಔಷಧವನ್ನು ಎರಡು ಹೆಸರಿನಲ್ಲಿ ಎರಡು ಸಲ ನುಂಗುವ ಅಪಾಯವಿದೆ. ಶೀಟಿನ ಮೇಲೆ ಪೆನ್ನಿನಿಂದ "ಬಿಪಿ, ಬೆಳಿಗ್ಗೆ" ಅಂತ ದೊಡ್ಡದಾಗಿ ಬರೆದುಬಿಡಿ.

ಅಮೆರಿಕಕ್ಕೆ ಮಕ್ಕಳ ಮನೆಗೆ ಹೋಗುವವರಿಗೆ

ಅಲ್ಲಿನ ಅಂಗಡಿಯಲ್ಲಿ ನಮ್ಮ ಊರಿನ ಡಾಕ್ಟರ ಚೀಟಿ ನಡೆಯುವುದಿಲ್ಲ. ಮೂರು ತಿಂಗಳಿಗೆ ಆಗುವಷ್ಟು ಮಾತ್ರೆಯನ್ನು ಮೂಲ ಶೀಟಿನಲ್ಲೇ, ಕಾಂಟೆಂಟ್ ಹೆಸರಿರುವ ಇಂಗ್ಲಿಷ್ ಚೀಟಿಯ ಜೊತೆ ಒಯ್ಯಿರಿ. ಅಲ್ಲೇ ಡಾಕ್ಟರಿಗೆ ತೋರಿಸಿ ಕೊಳ್ಳುವ ಪರಿಸ್ಥಿತಿ ಬಂದರೆ ವಾಲ್‌ಮಾರ್ಟ್ ನೆನಪಿರಲಿ. 2006ರಲ್ಲಿ ಫ್ಲೋರಿಡಾದಿಂದ ಶುರುವಾದ ಅವರ 4 ಡಾಲರ್ ಪಟ್ಟಿಯಲ್ಲಿ ಬಿಪಿ, ಶುಗರಿನ ಹಲವು ಹಳೆಯ ಜನರಿಕ್‌ಗಳಿವೆ, ವಿಮೆ ಬೇಕಿಲ್ಲ. ಕಾಸ್ಟ್ಕೊ ಫಾರ್ಮಸಿಯಲ್ಲಿ ಸದಸ್ಯರಲ್ಲದವರೂ ಚೀಟಿ ಔಷಧ ಕೊಳ್ಳಬಹುದು. ಪ್ಯಾರಾಸಿಟಮಾಲ್ ಅಲ್ಲಿ ಅಸೆಟಾಮಿನೋಫೆನ್ ಎಂಬ ಹೆಸರಲ್ಲಿ ಸಿಗುತ್ತದೆ, ಎರಡೂ ಒಂದೇ. ಊರಿಂದ ತಂದದ್ದನ್ನೂ ಅಲ್ಲಿಯದ್ದನ್ನೂ ಒಟ್ಟಿಗೆ ನುಂಗಬೇಡಿ.

ಏನಾದರೂ ತೊಂದರೆಯಾದರೆ

ಹೊಸ ಮಾತ್ರೆ ನುಂಗಿದ ಮೇಲೆ ಮೈ ಮೇಲೆ ಗುಳ್ಳೆ ಎದ್ದರೆ, ಮುಖ ಊದಿಕೊಂಡರೆ, ಉಸಿರಾಟ ಕಷ್ಟವಾದರೆ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಿ. ಆಮೇಲೆ 1800 180 3024ಕ್ಕೆ ತಿಳಿಸಿ. ಔಷಧದ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ವ್ಯವಸ್ಥೆಯ ಉಚಿತ ಸಂಖ್ಯೆ ಅದು. ಮುದ್ರಿತ ಬೆಲೆಗಿಂತ ಹೆಚ್ಚು ತೆಗೆದುಕೊಂಡರೆ ಬೆಲೆ ಪ್ರಾಧಿಕಾರದ 1800 111 255ಕ್ಕೆ ದೂರು ಕೊಡಬಹುದು. ಮಾತ್ರೆ ಪುಡಿಯಾಗಿದ್ದರೆ, ಬಣ್ಣ ಬದಲಾಗಿದ್ದರೆ, ಎಕ್ಸ್‌ಪೈರಿ ದಿನಾಂಕ ತಿದ್ದಿದಂತೆ ಕಂಡರೆ ಶೀಟನ್ನು ಎಸೆಯಬೇಡಿ. ಬಿಲ್ ಜೊತೆ ಜಿಲ್ಲೆಯ ಡ್ರಗ್ ಇನ್ಸ್‌ಪೆಕ್ಟರ್ ಕಚೇರಿಗೆ ಒಯ್ದು ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ.